ಥಾಯ್ ಸುದ್ದಿಯಲ್ಲಿ ಲೈಂಗಿಕ ಕಾರ್ಯಕರ್ತೆಯರು: ಪದೇ ಪದೇ ಕೇಳುವ ಪ್ರಶ್ನೆಗಳು

ಥಾಯ್ಲೆಂಡ್ ಎಂದಕೂಡಲೇ ನಮ್ಮಲ್ಲಿ ಕೆಲವರ ಮುಖದಲ್ಲಿ ಒಂದು ತುಂಟ ನಗೆ ಮೂಡುತ್ತದೆ. ಆ ನಗೆಯ ವಿಚಾರ ಇಲ್ಲಿ ಕಡಿಮೆ. ಥಾಯ್ ಭಾಷೆಯ ಪತ್ರಿಕೆ, ಟೀವಿ, ಸುದ್ದಿತಾಣಗಳು ತಮ್ಮದೇ ದೇಶದ ಲೈಂಗಿಕ ಕಾರ್ಯಕರ್ತೆಯರ ಬಗ್ಗೆ ಎಂಥ ಮಾತು ಬಳಸುತ್ತವೆ, ಆ ಮಾತು ಎಲ್ಲಿಂದ ಬಂತು, ಅದರಿಂದ ಯಾರಿಗೆ ಏನಾಗುತ್ತದೆ ಎಂದು ಕೇಳುವವರಿಗಾಗಿ ಈ ಪ್ರಶ್ನೋತ್ತರ.

ಥಾಯ್ ಪತ್ರಿಕೆಗಳು ಅವರನ್ನು ಏನೆಂದು ಕರೆಯುತ್ತವೆ?

ಒಂದಲ್ಲ, ಹತ್ತಾರು ಹೆಸರು. ಕಾನೂನಿನ ಪುಸ್ತಕದಲ್ಲಿರುವುದು "ಖಾ ಪ್ರವೇನಿ". ಪೊಲೀಸ್ ಠಾಣೆಯ ಕಾಗದದಲ್ಲೂ ಇದೇ. ದಪ್ಪಕ್ಷರದ ತಲೆಬರಹಕ್ಕೆ ಬಂದಾಗ ಅದು "ಖಾ ಕಾಮ್" ಆಗುತ್ತದೆ. ಖಾ ಎಂದರೆ ವ್ಯಾಪಾರ, ಕಾಮ್ ಎಂದರೆ ನಮ್ಮ ಕಾಮವೇ. ಅಕ್ಷರ ಕಡಿಮೆ, ಸದ್ದು ಜೋರು. ಸುದ್ದಿಮನೆಗೆ ಬೇಕಾದದ್ದೂ ಅದೇ.

ಸ್ವಲ್ಪ ಸಭ್ಯವಾಗಿ ಬರೆಯಬೇಕೆಂದವರು "ಯಿಂಗ್ ಖಾಯ್ ಬೋರಿಕಾನ್" ಎನ್ನುತ್ತಾರೆ, ಅಂದರೆ ಸೇವೆ ಮಾರುವ ಹೆಂಗಸು. "ಖಾಯ್ ತುಆ" ಎಂದರೆ ಮೈ ಮಾರಿಕೊಳ್ಳುವುದು. ಇದು ಆಡುಮಾತು, ಟೀವಿ ನಿರೂಪಕರ ಬಾಯಲ್ಲಿ ಸಲೀಸಾಗಿ ಬರುತ್ತದೆ. ಕಾಲೇಜು ಓದುತ್ತಲೋ ಬೇರೆ ನೌಕರಿ ಮಾಡುತ್ತಲೋ ಈ ಕೆಲಸಕ್ಕೆ ಹೋಗುವವರು "ಸೈಡ್‌ಲೈನ್". ಪಾರ್ಟಿಗಳಲ್ಲಿ ಜೊತೆ ಕೊಡಲು, ಗ್ಲಾಸು ತುಂಬಿಸಲು ಹೋಗುವವರು "ದೆಕ್ ಎನ್". ಎಂಟರ್‌ಟೇನ್ ಎಂಬುದರ ಮೊದಲ ಅಕ್ಷರ ಉಳಿದು ಹೀಗಾಗಿದೆ. ಕಾರ್ಯಕರ್ತೆಯರ ಸಂಘಟನೆಗಳು ತಮ್ಮನ್ನು "ಫನಕ್ಙಾನ್ ಬೋರಿಕಾನ್" ಎಂದು ಕರೆದುಕೊಳ್ಳುತ್ತವೆ, ಸೇವಾ ನೌಕರರು ಎಂಬ ಅರ್ಥದಲ್ಲಿ. ಇತ್ತೀಚಿನ ವರ್ಷಗಳಲ್ಲಿ "ಸೆಕ್ಸ್ ವರ್ಕರ್" ಎಂಬುದನ್ನೇ ಥಾಯ್ ಲಿಪಿಯಲ್ಲಿ ಬರೆಯುವ ರೂಢಿಯೂ ಬಂದಿದೆ.

ಪ್ರಾಣಿಗಳ ಹೆಸರೂ ಇವೆ. "ಕಾಯ್" ಎಂದರೆ ಕೋಳಿ. "ಮೇ ಲಾವ್" ಎಂದರೆ ಕೋಳಿಗೂಡಿನ ತಾಯಿ, ಅಂದರೆ ಮನೆ ನಡೆಸುವವಳು. ತಲೆಹಿಡುಕನಿಗೆ "ಮೆಂಗ್ ದಾ", ಹೆಣ್ಣಿನ ಬೆನ್ನಿಗೆ ಅಂಟಿಕೊಂಡೇ ಇರುವ ಗಂಡು ಕುದುರೆಲಾಳದ ಏಡಿಯ ಹೆಸರು. ಈ ಮೂರೂ ಗೌರವಾನ್ವಿತ ಎನಿಸಿಕೊಂಡ ದಿನಪತ್ರಿಕೆಗಳಲ್ಲೇ ಕಾಣಸಿಗುತ್ತವೆ.

"ಸೋಫೇನಿ" ಎಂಬುದು ಬೈಗುಳವೇ?

ವೇಶ್ಯೆ ಎಂಬ ಅರ್ಥದ ಥಾಯ್ ಪದ ಇದು. ಇಂದಿನ ಕಿವಿಗೆ ಹೌದು, ಕಟುವಾದ ಪದ. ಮೂಲದಲ್ಲಿ ಅಲ್ಲ. ಇದು ಪಾಲಿ ಭಾಷೆಯ ನಗರಸೋಭಿನಿ, ನಮ್ಮ ಬಾಯಲ್ಲಿ ನಗರಶೋಭಿನಿ. ಊರಿಗೆ ಶೋಭೆ ತರುವವಳು. ವೈಶಾಲಿಯ ಆಮ್ರಪಾಲಿಯ ಕತೆ ಕೇಳಿದವರಿಗೆ ಆ ಕಾಲದ ಗಣಿಕೆಯರಿಗೆ ಇದ್ದ ಸ್ಥಾನ ಗೊತ್ತು. ಬೌದ್ಧ ಗ್ರಂಥಗಳ ದಾರಿಯಲ್ಲಿ ಪದ ಸಯಾಮಿಗೆ, ಅಂದರೆ ಅಂದಿನ ಥಾಯ್ಲೆಂಡಿಗೆ, ಹೋಯಿತು, ಅದರ ಜೊತೆಗಿದ್ದ ಸ್ಥಾನ ಮಾತ್ರ ಹೋಗಲಿಲ್ಲ.

ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಥಾಯ್ ಮಸಾಜಿನವರು ಆದಿಗುರು ಎಂದು ಕೈಮುಗಿಯುವುದು ಬುದ್ಧನ ವೈದ್ಯ ಜೀವಕನಿಗೆ. ಬೌದ್ಧ ಗ್ರಂಥ ವಿನಯಪಿಟಕದ ಪ್ರಕಾರ ಆತ ರಾಜಗೃಹದ ಗಣಿಕೆ ಸಾಲವತಿಯ ಮಗ. 2019ರಲ್ಲಿ ಯುನೆಸ್ಕೊ ಥಾಯ್ ಮಸಾಜನ್ನು ಪರಂಪರೆಯ ಪಟ್ಟಿಗೆ ಸೇರಿಸಿದಾಗ ದೇಶವೆಲ್ಲ ಹೆಮ್ಮೆಪಟ್ಟಿತು. "ಆಪ್ ಓಪ್ ನುಆತ್" ಎಂಬ ಸ್ನಾನ-ಆವಿ-ಮಸಾಜಿನ ಭಾರೀ ಕಟ್ಟಡಗಳಲ್ಲಿ ಎದೆಗೆ ನಂಬರು ಸಿಕ್ಕಿಸಿಕೊಂಡು ಗಾಜಿನ ಹಿಂದೆ ಕೂರುವ ಹೆಂಗಸರ ಸುದ್ದಿ ಬರುವುದು ಬೇರೆಯೇ ಪುಟದಲ್ಲಿ.

ಒಳ್ಳೆಯ ಪದ ಬಳಸಿದರೆ ಸಮಸ್ಯೆ ಮುಗಿಯಿತಲ್ಲವೇ?

ಚರ್ಚೆಗಳೆಲ್ಲ ಹೆಚ್ಚಾಗಿ ಇಲ್ಲೇ ನಿಂತುಬಿಡುತ್ತವೆ. ನನ್ನ ಮಟ್ಟಿಗೆ ಗಮನ ಕೊಡಬೇಕಾದದ್ದು ಕ್ರಿಯಾಪದಕ್ಕೆ. ಕಳೆದ ಮೂವತ್ತು ವರ್ಷಗಳಲ್ಲಿ ನಾಮಪದಗಳು ಸಾಕಷ್ಟು ಸಭ್ಯವಾಗಿವೆ. ಸೋಫೇನಿ ಹಿಂದೆ ಸರಿದು ಸೇವೆ ಮಾರುವವಳು ಬಂದಳು. ವಾಕ್ಯದ ಕ್ರಿಯಾಪದ ಮಾತ್ರ ಅಲ್ಲಾಡಲಿಲ್ಲ. "ರುಆಪ್" ಎಂದರೆ ಬಾಚಿ ಹಿಡಿ. "ಬುಕ್ ಚಾಪ್" ಎಂದರೆ ನುಗ್ಗಿ ಹಿಡಿ. "ಥಲಾಯ್" ಎಂದರೆ ಧ್ವಂಸ ಮಾಡು. "ಛೇ" ಎಂದರೆ ಬಯಲಿಗೆಳೆ.

ಮಾದರಿಗೆ ನಾನೇ ಒಂದು ತಲೆಬರಹ ಕಟ್ಟುತ್ತೇನೆ: "ಪಟ್ಟಾಯ ಬೀಚಿನಲ್ಲಿ ರಾತ್ರೋರಾತ್ರಿ ಕಾರ್ಯಾಚರಣೆ: ಸೇವೆ ಮಾರುತ್ತಿದ್ದ ಯುವತಿಯರನ್ನು ಬಾಚಿದ ಪೊಲೀಸರು." ಇಲ್ಲಿ "ಸೇವೆ ಮಾರುವ ಯುವತಿ" ಎಂಬುದನ್ನು ತೆಗೆದು "ಲೈಂಗಿಕ ಕಾರ್ಯಕರ್ತೆ" ಎಂದು ಹಾಕಿ ನೋಡಿ. ಆಕೆ ಇನ್ನೂ ಬಾಚಿಸಿಕೊಂಡೇ ಇದ್ದಾಳೆ. ಬಾಡಿಗೆ ಕಟ್ಟುವುದಿಲ್ಲ, ಮಗುವನ್ನು ಶಾಲೆಗೆ ಬಿಡುವುದಿಲ್ಲ, ಬಾರಿನ ಮಾಲೀಕ ಸಂಬಳ ಕಡಿತ ಮಾಡಿದ್ದಕ್ಕೆ ಜಗಳವಾಡುವುದಿಲ್ಲ. ಅವಳು ಕರ್ತೃವಾಗುವ ವಾಕ್ಯ ಥಾಯ್ ಸುದ್ದಿಯಲ್ಲಿ ಅಪರೂಪ. ಹಿಡಿದಾಗ, ಕೊಂದಾಗ, ರೋಗ ಬಂದಾಗ ಈ ಮೂರು ಹೊತ್ತಿನಲ್ಲಿ ಅವಳು ಸುದ್ದಿ.

ಕ್ರಿಯಾಪದ ಯಾಕೆ ಬದಲಾಗುವುದಿಲ್ಲ?

ಸುದ್ದಿ ಬರುವ ಬಾಗಿಲು ಬದಲಾಗಿಲ್ಲ, ಅದಕ್ಕೆ. ಬಹುಪಾಲು ಸುದ್ದಿ ಹುಟ್ಟುವುದು ಪೊಲೀಸರ ಪತ್ರಿಕಾಗೋಷ್ಠಿಯಲ್ಲಿ. "ಥಲೆಂಗ್ ಖಾವ್" ಎಂದು ಅದಕ್ಕೆ ಹೆಸರು. ಉದ್ದನೆಯ ಮೇಜು, ಹಿಂದೆ ಇಲಾಖೆಯ ಬ್ಯಾನರು, ಸಾಲಾಗಿ ನಿಂತ ಅಧಿಕಾರಿಗಳು. ಮೇಜಿನ ಮೇಲೆ ಮೊಬೈಲು, ಕಾಂಡೋಮು, ಗುರುತು ಹಾಕಿದ ನೋಟುಗಳು. ಕ್ರೈಂ ವರದಿಗಾರನಿಗೆ ಕೊಡುವ ಟಿಪ್ಪಣಿಯಲ್ಲಿ ಎಲ್ಲ ಸಿದ್ಧ: ವಯಸ್ಸು, ಊರು, ಎಷ್ಟು ದುಡ್ಡಿಗೆ ಒಪ್ಪಿದಳು, ಯಾವ ಕಲಂ. ಅದೇ ಕ್ರಮದಲ್ಲಿ ವರದಿ ಅಚ್ಚಾಗುತ್ತದೆ. ಸುದ್ದಿಮನೆಯಲ್ಲಿ ಕೂತವರಿಗೆ ಇದರ ಒಳಗುಟ್ಟು ಗೊತ್ತು. ಗಡುವು ಹತ್ತಿರವಿದ್ದಾಗ ಟಿಪ್ಪಣಿಯ ಭಾಷೆಯೇ ಪತ್ರಿಕೆಯ ಭಾಷೆ.

ಬೆಳಿಗ್ಗೆ ಟೀವಿಯಲ್ಲಿ "ಲಾವ್ ಖಾವ್" ಕಾರ್ಯಕ್ರಮಗಳು, ಅಂದರೆ ಸುದ್ದಿಯನ್ನು ಕತೆಯಂತೆ ಹೇಳುವವು. ನಿರೂಪಕರು ಪತ್ರಿಕೆಯ ಸುದ್ದಿಗೆ ತಮ್ಮ ಒಗ್ಗರಣೆ ಹಾಕುತ್ತಾರೆ: ಅಯ್ಯೋ ಪಾಪ, ಇಷ್ಟು ಚೆಂದದ ಹುಡುಗಿ, ಇಷ್ಟೊಂದು ದುಡ್ಡಾ! ಸಂಜೆಯ ಹೊತ್ತಿಗೆ ಅದೇ ತುಣುಕು ಫೇಸ್‌ಬುಕ್ಕಿನಲ್ಲಿ. ಪೊಲೀಸ್ ಟಿಪ್ಪಣಿಯ ಒಂದು ಸಾಲು ಹೀಗೆ ಊರೆಲ್ಲ ಓಡಾಡುತ್ತದೆ. ಆಕೆಯ ಕಡೆಯ ಮಾತು ಕೇಳಲು ಯಾರೂ ಫೋನು ಎತ್ತಿರುವುದಿಲ್ಲ.

"ಖಾ ತುಆ" ಎಂಬ ಮಾತನ್ನೂ ಗಮನಿಸಿ. ಅಕ್ಷರಶಃ ಮೈಬೆಲೆ. ಸಿನಿಮಾ ನಟರ ಸಂಭಾವನೆಗೂ ಫುಟ್‌ಬಾಲ್ ಆಟಗಾರರ ವರ್ಗಾವಣೆ ಮೊತ್ತಕ್ಕೂ ಥಾಯ್ ಪತ್ರಿಕೆಗಳು ಇದೇ ಪದ ಬಳಸುತ್ತವೆ. ಅಲ್ಲಿ ಅದು ಪ್ರತಿಷ್ಠೆ. ಈ ಹೆಂಗಸರ ಸುದ್ದಿಯಲ್ಲಿ ಅದು ಸಾಕ್ಷ್ಯ.

"ಲೋ ಸ್ಯೂ" ಎಂದರೇನು?

ಪೊಲೀಸರು ಗಿರಾಕಿಯ ವೇಷದಲ್ಲಿ ಹೋಗಿ, ದುಡ್ಡು ಕೊಟ್ಟು, ಹಿಡಿಯುವುದು. ಆಮಿಷ ಒಡ್ಡಿ ಕೊಳ್ಳುವುದು ಎಂದು ಅರ್ಥ. ದಾಳಿ ಸುದ್ದಿಗಳಲ್ಲಿ ಇದು ಜಾಣತನದ ಸಾಹಸವಾಗಿ ಬರುತ್ತದೆ. ವಿಶ್ವಸಂಸ್ಥೆಯ ಮಹಿಳಾ ತಾರತಮ್ಯ ನಿವಾರಣಾ ಸಮಿತಿ 2017ರಲ್ಲಿ ಥಾಯ್ಲೆಂಡಿನ ವರದಿ ಪರಿಶೀಲಿಸಿದಾಗ, ಹಿಂಸಾತ್ಮಕ ದಾಳಿ, ಈ ಬಗೆಯ ಬಲೆ ಬೀಸುವಿಕೆ, ಪೊಲೀಸರ ವಸೂಲಿ ಇವನ್ನು ನಿಲ್ಲಿಸಿ ಎಂದು ಹೇಳಿತು. ಕ್ರೈಂ ಪುಟಕ್ಕೆ ಅದು ತಟ್ಟಲಿಲ್ಲ.

ಇಲ್ಲೊಂದು ವಿಚಿತ್ರ ನೋಡಿ. ಇಡೀ ಸುದ್ದಿಯಲ್ಲಿ ಗಿರಾಕಿ ಎಂದು ಕಾಣಿಸುವ ಒಬ್ಬನೇ ಗಂಡಸು ಪೊಲೀಸನಾಗಿರುತ್ತಾನೆ. ನಿಜವಾದ ಗಿರಾಕಿಗಳು ತಲೆಬರಹದಲ್ಲೂ ಇಲ್ಲ, ಫೋಟೊದಲ್ಲೂ ಇಲ್ಲ. ಇದಕ್ಕೆ ಕಾನೂನಿನ ಆಸರೆಯೂ ಇದೆ. ವಯಸ್ಕರ ಬಳಿ ಹೋದ ಗಿರಾಕಿಗೆ 1996ರ ವೇಶ್ಯಾವಾಟಿಕೆ ತಡೆ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ. 18 ವರ್ಷದೊಳಗಿನವರ ಬಳಿ ಹೋದರೆ ಮಾತ್ರ ಜೈಲು.

ಹಾಗಾದರೆ ಕಾನೂನು ಏನು ಹೇಳುತ್ತದೆ?

1908ರಲ್ಲಿ, ರಾಮ 5 ಎಂದು ಕರೆಯಲಾಗುವ ಚುಲಲೊಂಗ್‌ಕೋರ್ನ್ ದೊರೆಯ ಕಾಲದಲ್ಲಿ, ಸಾಂಕ್ರಾಮಿಕ ರೋಗ ತಡೆಯ ಹೆಸರಿನಲ್ಲಿ ಕಾನೂನು ಬಂತು. ವೇಶ್ಯಾಗೃಹಗಳು ನೋಂದಣಿ ಮಾಡಿಸಿ, ಶುಲ್ಕ ಕಟ್ಟಿ, ಬಾಗಿಲಲ್ಲಿ ಗುರುತಿನ ದೀಪ ತೂಗುಹಾಕಬೇಕಿತ್ತು. ದೀಪ ಹಸಿರು ಬಣ್ಣದ್ದೇ ರೂಢಿಯಾಗಿ, ಅಲ್ಲಿನ ಹೆಂಗಸರಿಗೆ "ಖೋಮ್ ಖಿಯಾವ್", ಹಸಿರು ಲಾಂದ್ರದವರು, ಎಂಬ ಹೆಸರು ನಿಂತಿತು. 1960ರಲ್ಲಿ ಫೀಲ್ಡ್ ಮಾರ್ಷಲ್ ಸರಿತ್ ಥನರತ್ ಆಡಳಿತ ಎಲ್ಲವನ್ನೂ ನಿಷೇಧಿಸಿತು. 1966ರಲ್ಲಿ ಮನರಂಜನಾ ಸ್ಥಳಗಳ ಕಾಯ್ದೆ ಬಂದು ಬಾರು, ಮಸಾಜು ಪಾರ್ಲರುಗಳಿಗೆ ಪರವಾನಗಿ ಸಿಕ್ಕಿತು. ಮುಂದಿನ ಬಾಗಿಲು ಮುಚ್ಚಿ ಪಕ್ಕದ ಬಾಗಿಲು ತೆರೆದಂತೆ. 1967ರಲ್ಲಿ ವಿಯೆಟ್ನಾಂ ಯುದ್ಧದ ಅಮೆರಿಕನ್ ಸೈನಿಕರ ವಿಶ್ರಾಂತಿಗೆಂದು ಒಪ್ಪಂದವಾಯಿತು. ಉದೋನ್, ಕೋರಾತ್, ಉ-ತಪಾವ್ ನೆಲೆಗಳ ಸುತ್ತ "ಮಿಯಾ ಛಾವ್", ಬಾಡಿಗೆ ಹೆಂಡತಿ, ಎಂಬ ಪದ ಬೆಳೆದದ್ದು ಆಗಲೇ.

ಈಗಿರುವುದು 1996ರ ಕಾಯ್ದೆ. ಸಾರ್ವಜನಿಕವಾಗಿ ಗಿರಾಕಿ ಕರೆದದ್ದಕ್ಕೆ ದಂಡ 1,000 ಬಾತ್ (ಥಾಯ್ ಹಣ) ಮೀರದು. ವೇಶ್ಯಾಗೃಹದಲ್ಲಿ ಸೇರಿದ್ದರೆ ಒಂದು ತಿಂಗಳವರೆಗೆ ಸಜೆ, ಅಥವಾ ಅಷ್ಟೇ ದಂಡ, ಅಥವಾ ಎರಡೂ. ಜಾಹೀರಾತು ಕೊಟ್ಟರೆ ಮಾತ್ರ ಶಿಕ್ಷೆ ದೊಡ್ಡದು, 6 ತಿಂಗಳಿಂದ 2 ವರ್ಷ. ಕೋವಿಡ್ ಕಾಲದಲ್ಲಿ ಹೆಂಗಸರು ಆನ್‌ಲೈನಿಗೆ ಹೋದಾಗ ಈ ಕಲಂ ಚುಚ್ಚತೊಡಗಿತು.

ಅಂದರೆ "ಬಾಚಿದರು, ಧ್ವಂಸ ಮಾಡಿದರು" ಎಂದು ಅಬ್ಬರಿಸುವ ಎಷ್ಟೋ ಸುದ್ದಿಗಳ ಹಿಂದಿರುವುದು ಸಾವಿರ ಬಾತಿನ ದಂಡ. ರಾತ್ರಿ ಠಾಣೆಯಲ್ಲಿ ದಂಡ ಕಟ್ಟಿ ಆಕೆ ಮನೆಗೆ ಹೋಗುತ್ತಾಳೆ. ಫೋಟೊ ಮಾತ್ರ ಅಂತರ್ಜಾಲದಲ್ಲಿ ಶಾಶ್ವತವಾಗಿ ಉಳಿಯುತ್ತದೆ. ದೊಡ್ಡ ಶಿಕ್ಷೆ ಅದೇ.

ದೊಡ್ಡ ಮಸಾಜ್ ಪಾರ್ಲರುಗಳ ಮೇಲೆ ನಡೆದ ದಾಳಿಗಳ ಸುದ್ದಿ ಹೇಗಿತ್ತು?

2016ರ ಜೂನ್‌ನಲ್ಲಿ ಬ್ಯಾಂಕಾಕಿನ ನತಾರಿ ಎಂಬಲ್ಲಿ, 2018ರ ಜನವರಿಯಲ್ಲಿ ವಿಕ್ಟೋರಿಯಾ ಸೀಕ್ರೆಟ್ ಎಂಬ ಪಾರ್ಲರಿನಲ್ಲಿ ದಾಳಿಯಾಯಿತು. ಎರಡೂ ಕಡೆ ಸಿಕ್ಕಿಬಿದ್ದವರು ನೂರರ ಮೇಲೆ, ಬಹಳಷ್ಟು ಮಂದಿ ಮ್ಯಾನ್ಮಾರ್ ಕಡೆಯವರು. ನೆಲದ ಮೇಲೆ ಸಾಲಾಗಿ ಕೂತು ಟವೆಲಿನಿಂದಲೋ ಕೂದಲಿನಿಂದಲೋ ಮುಖ ಮುಚ್ಚಿಕೊಂಡ ಹೆಂಗಸರ ಚಿತ್ರ ಎಲ್ಲ ಕಡೆ ಬಂತು.

ಆದರೂ ಈ ದಾಳಿಗಳ ಸುದ್ದಿ ಮಾಮೂಲಿಯ ದಾರಿಯಲ್ಲೇ ನಿಲ್ಲಲಿಲ್ಲ. ನತಾರಿಯಲ್ಲಿ ಲೆಕ್ಕದ ಪುಸ್ತಕ ಸಿಕ್ಕಿತು. ಯಾವ ಯಾವ ಅಧಿಕಾರಿಗಳಿಗೆ ಏನೇನು ಸಂದಾಯ ಎಂಬ ಬರಹ ಅದರಲ್ಲಿತ್ತು. ಇಂಥ ಮಾಮೂಲಿಗೆ ಥಾಯ್‌ನಲ್ಲಿ "ಸುಆಯ್" ಎನ್ನುತ್ತಾರೆ, ಹಿಂದೆ ದೊರೆಗೆ ಸಲ್ಲಿಸುತ್ತಿದ್ದ ಕಪ್ಪಕಾಣಿಕೆಯ ಹೆಸರು. ಕೆಲವು ದಿನ ಪತ್ರಿಕೆಗಳ ತಲೆಬರಹದಲ್ಲಿ ಕರ್ತೃಗಳು ಬದಲಾದರು. ಪೊಲೀಸರು ಹಿಡಿಯುವವರಲ್ಲ, ವಸೂಲು ಮಾಡುವವರು ಎಂದಾದರು. ದಾಖಲೆ ಬೇರೆ ಬಾಗಿಲಿಂದ ಬಂದರೆ ವಾಕ್ಯವೂ ಬೇರೆಯಾಗುತ್ತದೆ ಎಂಬುದಕ್ಕೆ ಆ ಕೆಲವು ದಿನಗಳ ಪತ್ರಿಕೆ ಸಾಕು. ಹೆಂಗಸರ ಮಟ್ಟಿಗೆ ಮಾತ್ರ ಏನೂ ಬದಲಾಗಲಿಲ್ಲ. ಅವರು ಕೊನೆವರೆಗೂ ಸಂಖ್ಯೆಯಾಗಿಯೇ ಉಳಿದರು.

"ಬಲಿಪಶು" ಎಂದು ಬರೆಯುವುದು ಸಹಾನುಭೂತಿಯಲ್ಲವೇ?

ಕೆಲವೊಮ್ಮೆ ಅದೇ ಸತ್ಯ. 1984ರ ಜನವರಿಯಲ್ಲಿ ಫುಕೆತ್‌ನ ವೇಶ್ಯಾಗೃಹಕ್ಕೆ ಬೆಂಕಿ ಬಿದ್ದು, ಹೊರಬರಲಾರದೆ ಐವರು ಹುಡುಗಿಯರು ಸತ್ತರು. ಕೂಡಿಹಾಕಿ ದುಡಿಸುತ್ತಿದ್ದರು ಎಂಬುದು ಆಗ ದೇಶಕ್ಕೆಲ್ಲ ಗೊತ್ತಾಯಿತು. ಅಂಥದ್ದನ್ನು ಪತ್ರಿಕೆಗಳು ಬರೆಯದೆ ಇದ್ದಿದ್ದರೆ ಬಯಲಾಗುತ್ತಲೇ ಇರಲಿಲ್ಲ.

ಅದೇ ಕಾಲದ ಇನ್ನೊಂದು ಪದ "ತೊಕ್ ಖಿಯಾವ್". ಭತ್ತದ ಪೈರು ಹಸಿರಾಗಿರುವಾಗಲೇ ವ್ಯಾಪಾರಿ ಬಂದು ಮುಂಗಡ ಕೊಟ್ಟು ಬೆಳೆ ತನ್ನದಾಗಿಸಿಕೊಳ್ಳುವ ಪದ್ಧತಿಯ ಹೆಸರು. ಉತ್ತರದ ಹಳ್ಳಿಗಳಲ್ಲಿ ದಲ್ಲಾಳಿಗಳು ತಾಯ್ತಂದೆಗೆ ಮುಂಗಡ ಕೊಟ್ಟು, ಆರನೆಯ ತರಗತಿ ಮುಗಿಸಿದ ಹುಡುಗಿಯರನ್ನು ಕರೆದೊಯ್ಯುತ್ತಿದ್ದುದಕ್ಕೆ ಈ ಹೆಸರು ಬಂತು. ಪದ ಅಷ್ಟು ನಿಖರವಾಗಿತ್ತೆಂದರೆ ವರದಿಗಾರರು ಮತ್ತೇನೂ ವಿವರಿಸಬೇಕಿರಲಿಲ್ಲ.

ತೊಂದರೆ ಶುರುವಾದದ್ದು ಆಮೇಲೆ. ಫಯಾವ್ ಪ್ರಾಂತ್ಯದ ದೋಕ್ ಖಮ್ ತಾಯ್ ತಾಲ್ಲೂಕಿನ ಹೆಸರು ಇಂಥ ಸುದ್ದಿಗಳಲ್ಲಿ ಎಷ್ಟು ಸಲ ಬಂತೆಂದರೆ, ಆ ಊರಿನವಳು ಎಂದರೆ ಸಾಕು, ಜನ ಹುಬ್ಬೇರಿಸುವಂತಾಯಿತು. ನೇಕಾರಳೋ ಟೀಚರೋ ಯಾರೂ ಕೇಳುವುದಿಲ್ಲ. ಕರುಣೆಯಿಂದ ಬರೆದ ಸುದ್ದಿಯೂ ಇಡೀ ಊರಿಗೆ ಮಸಿ ಬಳಿಯಬಲ್ಲದು.

ಸುದ್ದಿಗೆ ಒಪ್ಪುವ ಬಲಿಪಶು ಎಳೆಯಳಾಗಿರಬೇಕು, ಬಡವಳಾಗಿರಬೇಕು, ಅಳಬೇಕು, ದುಡ್ಡನ್ನು ತಾಯಿಗೆ ಕಳಿಸಿರಬೇಕು. ತಂದೆತಾಯಿಯ ಋಣ ತೀರಿಸುವ ಮಗಳನ್ನು ಥಾಯ್ ಜನ "ಕತನ್ಯೂ" ಎಂದು ಹೊಗಳುತ್ತಾರೆ, ನಮ್ಮ ಕೃತಜ್ಞತೆಯ ಬಂಧು ಪದ. ಮೂವತ್ತು ವರ್ಷದವಳು, ಎರಡು ಮಕ್ಕಳ ತಾಯಿ, ಕಾರ್ಖಾನೆಗಿಂತ ಇಲ್ಲಿ ಸಂಬಳ ಹೆಚ್ಚು ಎಂದು ಲೆಕ್ಕ ಹಾಕಿ ಬಂದವಳು ಈ ಚೌಕಟ್ಟಿಗೆ ಹೊಂದುವುದಿಲ್ಲ. ಅವಳಿಗೆ ಉಳಿದಿರುವುದು ಎರಡನೆಯ ಪಾತ್ರ, ದುಡ್ಡಿನಾಸೆಗೆ ಬಿದ್ದವಳು.

"ರಕ್ಷಿಸಲಾಯಿತು" ಎಂಬ ಮಾತಿನ ಮೇಲೂ ಒಂದು ಕಣ್ಣಿರಲಿ. ಲೈಂಗಿಕ ಕಾರ್ಯಕರ್ತೆಯರ ಸಂಘಟನೆಯಾದ ಎಂಪವರ್ 2012ರಲ್ಲಿ ಮಾನವ ಕಳ್ಳಸಾಗಣೆ ತಡೆ ಕಾರ್ಯಾಚರಣೆಗಳ ಕುರಿತು ತನ್ನದೇ ಅಧ್ಯಯನ ಪ್ರಕಟಿಸಿತು. ಕೆಲಸದ ಹೆಂಗಸರೇ ಕೂತು ಮಾಡಿದ ಅಧ್ಯಯನ. ಕಳ್ಳಸಾಗಣೆದಾರರಿಂದ ನೊಂದವರಿಗಿಂತ ಈ ರಕ್ಷಣೆಯಿಂದಲೇ ನೊಂದವರು ಹೆಚ್ಚು ಎಂಬುದು ಅವರ ದೂರು. ರಕ್ಷಣೆಯ ಸುದ್ದಿಯಲ್ಲಿ ಬರುವುದು ಮೊದಲ ರಾತ್ರಿ ಮಾತ್ರ. ಸಾಕ್ಷಿ ಹೇಳುವ ತನಕ ಸರ್ಕಾರಿ ಆಶ್ರಯಧಾಮದಲ್ಲಿ ಕಾಯುವ ತಿಂಗಳುಗಳು, ಗಡಿ ದಾಟಿಸಿ ವಾಪಸು ಕಳಿಸುವ ದಿನ, ಆಮೇಲೆ ಅದೇ ದಾರಿಯಲ್ಲಿ ಸಾಲ ಮಾಡಿ ಮರಳಿ ಬರುವುದು ಇವೆಲ್ಲ ಯಾವ ಪುಟದಲ್ಲೂ ಇರುವುದಿಲ್ಲ.

ವಿದೇಶಿ ಪತ್ರಿಕೆಗಳ ಭಾಷೆ ಇದಕ್ಕಿಂತ ಉತ್ತಮವೇ?

ಬೇರೆ ಥರದ ಕೆಟ್ಟದ್ದು. ಬ್ರಿಟಿಷ್ ಟ್ಯಾಬ್ಲಾಯ್ಡುಗಳಿಗೆ ಪಟ್ಟಾಯ ಎಂದರೆ ಪಾಪನಗರಿ. ಸಂಖ್ಯೆಗಳೂ ಹಾಗೆಯೇ. ಲೈಂಗಿಕ ಕಾರ್ಯಕರ್ತೆಯರು ಎಷ್ಟು ಎಂಬುದಕ್ಕೆ ಹತ್ತಾರು ಸಾವಿರದಿಂದ ಇಪ್ಪತ್ತು ಲಕ್ಷದವರೆಗೆ ಅಂಕಿಗಳು ತೇಲಾಡುತ್ತವೆ, ದೊಡ್ಡದೇ ಹೆಚ್ಚು ಮುದ್ರಣ ಕಾಣುತ್ತದೆ.

1993ರಲ್ಲಿ ಲಾಂಗ್‌ಮನ್‌ನ ಒಂದು ಇಂಗ್ಲಿಷ್ ನಿಘಂಟು ಬ್ಯಾಂಕಾಕ್ ಎಂಬ ಪದದ ಎದುರು, ದೇವಾಲಯಗಳಿಗೂ ಹೆಚ್ಚಿನ ಸಂಖ್ಯೆಯ ವೇಶ್ಯೆಯರಿಗೂ ಹೆಸರಾದ ಊರು ಎಂಬ ಅರ್ಥದ ವಿವರಣೆ ಕೊಟ್ಟಿತ್ತು. ಥಾಯ್ ಸರ್ಕಾರ ಪ್ರತಿಭಟಿಸಿತು, ಪ್ರಕಾಶಕರು ಆ ಸಾಲು ಬದಲಿಸಬೇಕಾಯಿತು. ಅಂದಿನ ಥಾಯ್ ಪತ್ರಿಕೆಗಳಲ್ಲಿ ಕೆರಳಿದ್ದು ದೇಶದ ಮಾನದ ಪ್ರಶ್ನೆ. ಆ ಹೆಂಗಸರ ಮಾನದ ಪ್ರಶ್ನೆ ಯಾರೂ ಎತ್ತಲಿಲ್ಲ ಎನ್ನುವಷ್ಟು ಕಡಿಮೆ. 2017ರಲ್ಲೂ ಇದೇ ನಾಟಕ. ಬ್ರಿಟಿಷ್ ಪತ್ರಿಕೆಗಳು ಪಟ್ಟಾಯವನ್ನು ಜಗತ್ತಿನ ಸೆಕ್ಸ್ ರಾಜಧಾನಿ ಎಂದದ್ದಕ್ಕೆ, ಇಲ್ಲಿ ಅಂಥದ್ದು ಇಲ್ಲವೇ ಇಲ್ಲ ಎಂದು ಅಲ್ಲಿನ ಪೊಲೀಸ್ ಮುಖ್ಯಸ್ಥರು ಸುದ್ದಿಗಾರರ ಮುಂದೆ ಹೇಳಿದರು. ಬಾರ್ ಬೀದಿಗಳಲ್ಲಿ ದಾಳಿ ಶುರುವಾಯಿತು. ಇಲ್ಲದ ಹೆಂಗಸರಿಗೆ ದಂಡ ಹಾಕಿದ್ದು ಹೇಗೋ!

"ನಾಡಿನ ಮುಖಕ್ಕೆ ಮಸಿ" ಎಂಬ ಧಾಟಿ ಇಂದಿಗೂ ಥಾಯ್ ಸುದ್ದಿಯ ದೊಡ್ಡ ಚೌಕಟ್ಟು. ಪ್ರವಾಸೋದ್ಯಮದ ಗಳಿಕೆಯ ಸುದ್ದಿ ವಾಣಿಜ್ಯ ಪುಟದಲ್ಲಿ ಬರುವಾಗ ಈ ಮುಖದ ಪ್ರಸ್ತಾಪ ಬರುವುದಿಲ್ಲ.

ವಲಸೆ ಬಂದವರು, ಟ್ರಾನ್ಸ್ ಮಹಿಳೆಯರು, ಗಂಡಸರ ಬಗ್ಗೆ?

ವಲಸಿಗರಿಗೆ "ತಾಂಗ್ ದಾವ್", ಪರದೇಶದವರು, ಎಂಬ ಪದ ತಲೆಬರಹದಲ್ಲೇ ಬರುತ್ತದೆ. ಲಾವೋಸ್ ಹುಡುಗಿ, ಬರ್ಮಾ ಹುಡುಗಿ, ಉಜ್ಬೆಕ್ ಹುಡುಗಿ ಎಂದು ದೇಶವೇ ಹೆಸರು. ಥಾಯ್ ಹೆಂಗಸಿಗಾದರೂ ಬಡತನದ ಕತೆ ಸಿಗುತ್ತದೆ, ಇವರಿಗೆ ವೀಸಾ ಮುಗಿದ ದಿನಾಂಕ ಸಿಗುತ್ತದೆ.

ಟ್ರಾನ್ಸ್ ಮಹಿಳೆಯರಿಗೆ "ಕತೋಯ್" ಎಂದೋ, ಸಭ್ಯವಾಗಿ "ಸಾವ್ ಪ್ರಫೇತ್ ಸೋಂಗ್", ಎರಡನೆಯ ಬಗೆಯ ಹೆಣ್ಣು, ಎಂದೋ ಬರೆಯುತ್ತಾರೆ. ಅವರು ಸುದ್ದಿಗೆ ಬರುವುದು ಗ್ಯಾಂಗ್ ಆಗಿ. ಪಟ್ಟಾಯದಲ್ಲಿ ಪ್ರವಾಸಿಯ ಚಿನ್ನದ ಸರ ಕಿತ್ತ ಸುದ್ದಿ ಅಲ್ಲಿನ ಸ್ಥಳೀಯ ಪತ್ರಿಕೆಗಳ ನಿತ್ಯದ ಸರಕು. ಸರ ಕಳೆದುಕೊಂಡವನು ಎಷ್ಟೋ ಸಲ ಭಾರತೀಯ. ಈ ಸುದ್ದಿಗಳು ಇಂಗ್ಲಿಷಿನ ಮೂಲಕ ನಮ್ಮ ವಾಟ್ಸಾಪ್ ಗುಂಪಿಗೂ ಬಂದು ನಗೆಹನಿಯಾಗುತ್ತವೆ. ಗಂಡಸು ಕಾರ್ಯಕರ್ತರು ಸುದ್ದಿಯಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಏಡ್ಸ್ ಮತ್ತು ಕೋವಿಡ್ ಕಾಲದಲ್ಲಿ ಏನಾಯಿತು?

1987 "ಥಾಯ್ಲೆಂಡಿಗೆ ಬನ್ನಿ" ವರ್ಷ. ಏಡ್ಸ್ ಮಾತನ್ನು ಆಗ ಸರ್ಕಾರ ಆದಷ್ಟು ಮೆತ್ತಗೆ ಇಟ್ಟಿತು. 1989ರ ಜೂನ್ ಸಮೀಕ್ಷೆಯಲ್ಲಿ ಚಿಯಾಂಗ್ ಮಾಯ್‌ನ ವೇಶ್ಯಾಗೃಹಗಳ ಹೆಂಗಸರಲ್ಲಿ ಶೇ. 44 ಮಂದಿಗೆ ಎಚ್‌ಐವಿ ಕಂಡ ಮೇಲೆ ಮೌನ ಸಾಧ್ಯವಾಗಲಿಲ್ಲ. ಅದೇ ವರ್ಷ ರಾಚಬುರಿಯಲ್ಲಿ ಡಾ. ವಿವತ್ ಶುರುಮಾಡಿದ ನೂರಕ್ಕೆ ನೂರು ಕಾಂಡೋಮ್ ಕಾರ್ಯಕ್ರಮ 1991ರಲ್ಲಿ ದೇಶಕ್ಕೆಲ್ಲ ಹರಡಿತು. ಸಚಿವರಾದ ಮೀಚಾಯ್ ವೀರವೈದ್ಯ ರೇಡಿಯೊ ಟೀವಿಗಳಲ್ಲಿ ಏಡ್ಸ್ ಸಂದೇಶ ಕಡ್ಡಾಯ ಮಾಡಿದರು. ಸೋಂಕು ಇಳಿಯಿತು, ಜಗತ್ತೇ ಮೆಚ್ಚಿತು. ಆದರೆ "ಅಪಾಯದ ಗುಂಪು" ಎಂಬ ವೈದ್ಯರ ಮಾತು ಪತ್ರಿಕೆಯಲ್ಲಿ "ಅಪಾಯಕಾರಿ ಹೆಂಗಸರು" ಎಂಬ ಅರ್ಥ ಪಡೆಯಿತು. ಸೋಂಕು ತಂದುಕೊಟ್ಟ ಗಿರಾಕಿ ಮತ್ತೆ ಕಾಣೆ.

2020ರ ಕೊನೆಯಲ್ಲಿ ಗಡಿಯಾಚೆ ಮ್ಯಾನ್ಮಾರ್‌ನ ತಾಚಿಲೇಕ್ ಪಟ್ಟಣದ ಮನರಂಜನಾ ತಾಣದಲ್ಲಿ ಕೆಲಸ ಮಾಡುತ್ತಿದ್ದ ಥಾಯ್ ಹೆಂಗಸರು, ಅಧಿಕೃತ ಗೇಟು ಬಂದ್ ಆಗಿದ್ದರಿಂದ ಕಾಲುದಾರಿಯಲ್ಲಿ ಮನೆಗೆ ಮರಳಿದರು. ಕೆಲವರಿಗೆ ಕೋವಿಡ್ ಬಂತು. ಅವರು ಹೋದ ಮಾಲ್, ಕಂಡ ಸ್ನೇಹಿತರು, ಕೂತ ಬಾರು ಎಲ್ಲವನ್ನೂ ಗಂಟೆಗಂಟೆಯ "ಟೈಮ್‌ಲೈನ್" ಆಗಿ ಪತ್ರಿಕೆಗಳು ಹಾಕಿದವು. ರೋಗಿಯ ಚಲನವಲನದ ಪಟ್ಟಿ ಚಾರಿತ್ರ್ಯದ ಪಟ್ಟಿಯಾಗಿಹೋಯಿತು. ಕೆಲವೇ ತಿಂಗಳ ಬಳಿಕ, 2021ರ ಏಪ್ರಿಲ್‌ನಲ್ಲಿ, ಬ್ಯಾಂಕಾಕಿನ ತೋಂಗ್ಲೋರ್‌ನ ದುಬಾರಿ ನೈಟ್‌ಕ್ಲಬ್ಬುಗಳಿಂದ ಅಲೆ ಎದ್ದಿತು. ಆಗ ವಿಐಪಿ ಗಿರಾಕಿಗಳ ಟೈಮ್‌ಲೈನುಗಳಲ್ಲಿ ಖಾಲಿ ಜಾಗ ಕಂಡು ಜನ ಗೇಲಿ ಮಾಡಿದರು.

ಬಾರುಗಳು ಮುಚ್ಚಿದಾಗ ಸರ್ಕಾರದ 5,000 ಬಾತ್ ನೆರವು ಬಹಳಷ್ಟು ಕಾರ್ಯಕರ್ತೆಯರಿಗೆ ತಲುಪಲಿಲ್ಲ. ತಾನು ಏನು ಕೆಲಸ ಮಾಡುತ್ತಿದ್ದೆ ಎಂದು ಅರ್ಜಿಯಲ್ಲಿ ಬರೆಯುವುದು ಹೇಗೆ? 2021ರಲ್ಲಿ ಸರ್ಕಾರಿ ಭವನದ ಮುಂದೆ ಬಿಕಿನಿ, ಹೈಹೀಲ್ಡ್ ಚಪ್ಪಲಿಗಳನ್ನು ತಂದಿಟ್ಟು ಪರಿಹಾರ ಕೇಳಿದರು. ಅವತ್ತು ಅವರು ಸುದ್ದಿಯಲ್ಲಿ ಏನನ್ನೋ ಮಾಡುವವರಾಗಿ ಕಂಡರು. ಕ್ಯಾಮೆರಾ ಬರುವಂಥ ವಸ್ತು ಯಾವುದು ಎಂದು ಅವರಿಗೆ ಸಂಪಾದಕರಷ್ಟೇ ಚೆನ್ನಾಗಿ ಗೊತ್ತಿತ್ತು.

ಕೊಲೆಯಾದಾಗ?

2017ರಲ್ಲಿ ಈಶಾನ್ಯದಲ್ಲಿ ಬಾರ್ ಕೆಲಸದ ಯುವತಿಯೊಬ್ಬಳ ಭೀಕರ ಕೊಲೆಯಾಯಿತು. ಮುಖ್ಯ ಆರೋಪಿಗಳೂ ಅದೇ ಲೋಕದ ಯುವತಿಯರು. ಪೊಲೀಸರ ವಶದಲ್ಲಿದ್ದ ಆರೋಪಿ ಮೇಕಪ್ ಮಾಡಿಕೊಳ್ಳುವ ಫೋಟೊ ಹೊರಬಂದು ದೇಶವೆಲ್ಲ ಸುತ್ತಿತು. ಅವಳ ಚೆಲುವು, ಬಟ್ಟೆ, ಹಳೆಯ ಪ್ರೇಮ ವಾರಗಟ್ಟಲೆ ಓಡಿದವು. ಸತ್ತವಳಿಗೆ ಸಿಕ್ಕ ಜಾಗ ಕಡಿಮೆ, ಅದರಲ್ಲೂ ಅವಳ ನೌಕರಿಯದೇ ದೊಡ್ಡ ಪಾಲು. ಥಾಯ್ ಓದುಗರೇ ಇದನ್ನು ಖಂಡಿಸಿದರು. ಮುಂದಿನ ಕೊಲೆಗೆ ಎಲ್ಲರೂ ಮರೆತಿದ್ದರು.

ಇದರ ಬಗ್ಗೆ ಅವರೇ ಏನು ಹೇಳುತ್ತಾರೆ?

ಎಂಪವರ್ ಶುರುವಾದದ್ದು 1985ರಲ್ಲಿ, ಬ್ಯಾಂಕಾಕಿನ ಪತ್‌ಪೊಂಗ್ ಬೀದಿಯಲ್ಲಿ, ಚಂತವಿಪಾ ಅಫಿಸುಕ್ ಅವರಿಂದ. ಮೊದಲ ಕೆಲಸ ಬಾರಿನ ಹೆಂಗಸರಿಗೆ ಇಂಗ್ಲಿಷ್ ಪಾಠ, ಗಿರಾಕಿಯ ಜೊತೆ ಚೌಕಾಸಿ ಮಾಡಲು ಭಾಷೆ ಬೇಕಲ್ಲ. 2006ರಲ್ಲಿ ಚಿಯಾಂಗ್ ಮಾಯ್‌ನಲ್ಲಿ ಕೆಲಸದವರೇ ಸೇರಿ "ಕ್ಯಾನ್ ಡೂ" ಎಂಬ ಬಾರ್ ತೆರೆದರು. ಅಲ್ಲಿ ಕಾರ್ಮಿಕ ಕಾನೂನಿನಂತೆ ರಜೆ, ಸಾಮಾಜಿಕ ಭದ್ರತೆ ಎಲ್ಲ ಇತ್ತು. 2004ರಿಂದ ಸುರಾಂಗ್ ಜನ್ಯಾಮ್ ನೇತೃತ್ವದ ಸ್ವಿಂಗ್ ಸಂಸ್ಥೆ ಗಂಡಸರು, ಟ್ರಾನ್ಸ್ ಕಾರ್ಯಕರ್ತರ ಜೊತೆಗೂ ದುಡಿಯುತ್ತಿದೆ, ಪೊಲೀಸ್ ಕೆಡೆಟ್‌ಗಳನ್ನು ತಮ್ಮಲ್ಲಿಗೆ ಕರೆಸಿ ಕೂರಿಸಿ ಮಾತಾಡಿಸಿದ್ದೂ ಉಂಟು. ಇವರ ವಾದ ಸರಳ: ನಮ್ಮದು ಕೆಲಸ, ಕಾರ್ಮಿಕ ಇಲಾಖೆಯ ವಿಷಯ ಮಾಡಿ. ಹಾಗಾದರೆ ಸುದ್ದಿಯೂ ಕ್ರೈಂ ವರದಿಗಾರನ ಕೈಯಿಂದ ಕಾರ್ಮಿಕ ವರದಿಗಾರನ ಕೈಗೆ ಹೋಗುತ್ತದೆ.

ಎಲ್ಲ ಮಾಧ್ಯಮಗಳೂ ಹೀಗೆಯೇ?

ಇಲ್ಲ. ಥಾಯ್ ರಾತ್, ಡೇಲಿ ನ್ಯೂಸ್, ಖಾವ್ ಸೋತ್‌ಗಳ ಕ್ರೈಂ ಪುಟದ ಧಾಟಿ ಒಂದು. ಪ್ರಚಾತಾಯ್ ತಾಣದ್ದು, ಥಾಯ್ ಪಿಬಿಎಸ್ ಸಾರ್ವಜನಿಕ ವಾಹಿನಿಯದ್ದು ಬೇರೆ. ಒಂದೇ ಪತ್ರಿಕೆಯಲ್ಲೂ ಭಾನುವಾರದ ಲೇಖನ ಕಾರ್ಯಕರ್ತೆಯ ಮಾತನ್ನು ಪುಟಗಟ್ಟಲೆ ಕೊಟ್ಟರೆ, ಸೋಮವಾರದ ಕ್ರೈಂ ಪುಟ ಮತ್ತೆ ಬಾಚುತ್ತದೆ.

ಮುಖ ತೋರಿಸಬಾರದೆಂಬ ನಿಯಮವಿಲ್ಲವೇ?

ಇದೆ. 2003ರ ಮಕ್ಕಳ ರಕ್ಷಣಾ ಕಾಯ್ದೆ, 2008ರ ಮಾನವ ಕಳ್ಳಸಾಗಣೆ ತಡೆ ಕಾಯ್ದೆ ಎರಡೂ ಗುರುತು ಪ್ರಕಟಿಸುವುದನ್ನು ತಡೆಯುತ್ತವೆ. 1997ರಲ್ಲಿ ಹುಟ್ಟಿದ ಪತ್ರಿಕಾ ಮಂಡಳಿಯ ನೀತಿಸಂಹಿತೆಯೂ ಉಂಟು. ಆದರೆ ಈ ಎರಡು ಕಾಯ್ದೆಗಳ ರಕ್ಷಣೆ ಮಕ್ಕಳಿಗೆ, ಕಳ್ಳಸಾಗಣೆಗೆ ಒಳಗಾದವರಿಗೆ. ವಯಸ್ಕಳಾಗಿ, ತಾನಾಗಿ ಬಂದವಳು ಆರೋಪಿ, ಅವಳ ಮುಖಕ್ಕೆ ಆ ಪರದೆ ಇಲ್ಲ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದು, ಹಚ್ಚೆ, ಬಟ್ಟೆ, ಊರು, ವಯಸ್ಸು ಬಿಟ್ಟರೆ ಅಕ್ಕಪಕ್ಕದವರಿಗೆ ಇನ್ನೇನು ಬೇಕು.

ಕನ್ನಡ ಓದುಗರಿಗೆ ಇದರಲ್ಲಿ ಏನಿದೆ?

"ಹೈಟೆಕ್ ದಂಧೆ", "ಅಡ್ಡೆ ಮೇಲೆ ದಾಳಿ" ಎಂದು ಓದಿ ಬೆಳೆದವರಿಗೆ ಮೇಲಿನದೆಲ್ಲ ಪರಿಚಿತ ಎನಿಸಬಹುದು. ನಮ್ಮಲ್ಲೂ ಇಲಾಖೆಯ ಕಾಗದದಲ್ಲಿ "ದಮನಿತ ಮಹಿಳೆ", ಸಂಘಟನೆಗಳ ಬಾಯಲ್ಲಿ "ಲೈಂಗಿಕ ಕಾರ್ಯಕರ್ತೆ", ಕ್ರೈಂ ಪುಟದಲ್ಲಿ ಬೇರೆ. 2022ರ ಮೇ 19ರಂದು ಸುಪ್ರೀಂ ಕೋರ್ಟ್, ದಾಳಿ ಮತ್ತು ರಕ್ಷಣಾ ಕಾರ್ಯಾಚರಣೆಗಳ ವೇಳೆ ಸಂತ್ರಸ್ತೆಯಾಗಲಿ ಆರೋಪಿಯಾಗಲಿ ಲೈಂಗಿಕ ಕಾರ್ಯಕರ್ತೆಯರ ಗುರುತು ಬಯಲಾಗದಂತೆ ಮಾಧ್ಯಮಗಳು ಎಚ್ಚರ ವಹಿಸಬೇಕೆಂದು ಹೇಳಿತು. "ಆರೋಪಿಯಾಗಲಿ" ಎಂಬ ಆ ಒಂದು ಮಾತು ಥಾಯ್ ಕಾನೂನಿನಲ್ಲಿ ಇಲ್ಲದ್ದು.

ಕಾನೂನು ಬದಲಾಗುತ್ತಿದೆಯೇ?

1996ರ ಕಾಯ್ದೆ ರದ್ದಾಗಲಿ ಎಂದು ಎಂಪವರ್ 10,000 ಸಹಿ ಸಂಗ್ರಹಕ್ಕೆ ಇಳಿಯಿತು, ಸಂವಿಧಾನದ ಪ್ರಕಾರ ಜನರೇ ಮಸೂದೆ ತರಲು ಬೇಕಾದಷ್ಟು ಸಹಿ. 2023ರ ಹೊತ್ತಿಗೆ ಸಾಮಾಜಿಕ ಅಭಿವೃದ್ಧಿ ಸಚಿವಾಲಯವೂ ಲೈಂಗಿಕ ಸೇವೆ ಕೊಡುವವರ ರಕ್ಷಣೆಗೆಂದು ಕರಡು ಸಿದ್ಧಪಡಿಸಿ ಅಭಿಪ್ರಾಯ ಕೇಳಿತು. ಕರಡಿನಲ್ಲಿ ಮತ್ತೆ ನೋಂದಣಿ, ಪರವಾನಗಿ, ನಿಗದಿತ ಪ್ರದೇಶದ ಮಾತು ಬಂದರೆ ಹಸಿರು ಲಾಂದ್ರವೇ ಮರಳಿದಂತೆ ಎಂಬ ಆತಂಕ ಕಾರ್ಯಕರ್ತೆಯರಲ್ಲಿದೆ. ಅವರು ಕೇಳುತ್ತಿರುವುದು ಪ್ರತ್ಯೇಕ ಕಾನೂನಲ್ಲ, ಎಲ್ಲ ಕೆಲಸಗಾರರಿಗೂ ಇರುವ ಕಾನೂನು.

ಥಾಯ್ ಓದಲು ಬರದವರು ಎಲ್ಲಿ ನೋಡಬಹುದು?

ಪ್ರಚಾತಾಯ್‌ನ ಇಂಗ್ಲಿಷ್ ಆವೃತ್ತಿ, ಬ್ಯಾಂಕಾಕ್ ಪೋಸ್ಟ್, ಎಂಪವರ್‌ನ ಸ್ವಂತ ಪ್ರಕಟಣೆಗಳಿಂದ ಶುರುಮಾಡಿ. ಯಂತ್ರಾನುವಾದ ನಂಬಿ ಥಾಯ್ ಪತ್ರಿಕೆ ಓದುವವರಿಗೆ ಒಂದು ಮಾತು: ಮೇಲೆ ಹೇಳಿದ ಹತ್ತಾರು ಪದಗಳನ್ನು ಅದು ಎಷ್ಟೋ ಸಲ ಒಂದೇ ಪದಕ್ಕೆ ಇಳಿಸಿಬಿಡುತ್ತದೆ. ತಲೆಬರಹದ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಯಾವ ಕ್ರಿಯಾಪದ ಬಳಸಿದ್ದಾರೆ ಎಂದು ಬಿಡಿಯಾಗಿ ನೋಡುವುದು ಒಳ್ಳೆಯದು.